ನಿರುದ್ಯೋಗ, ವರ್ಗಭೇದ ಮತ್ತು ಸಮಾಜವಾದ: ಬ್ರಿಟನ್ನಿನ ಅನುಭವ (೧೮೩೪–೧೯೪೮)

೧. ಸಮಸ್ಯೆಯ ಸ್ವರೂಪ

ಕೈಗಾರಿಕಾ ಸಮಾಜದಲ್ಲಿ ನಿರುದ್ಯೋಗವು ಬೆಳೆದಷ್ಟೂ ವರ್ಗಭೇದವು ತೀವ್ರವಾಗುತ್ತದೆ, ವರ್ಗಭೇದವು ತೀವ್ರವಾದಷ್ಟೂ ಸಮಾಜವಾದವು ಬಲಗೊಳ್ಳುತ್ತದೆ ಎಂಬ ಅಭಿಪ್ರಾಯವು ನಮ್ಮ ಪಠ್ಯಗ್ರಂಥಗಳಲ್ಲಿಯೂ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿಯೂ ಪದೇ ಪದೇ ಕಾಣಬರುತ್ತದೆ. ಈ ಅಭಿಪ್ರಾಯಕ್ಕೆ ಗೌರವಾನ್ವಿತವಾದ ಮೂಲವುಂಟು. ೧೮೪೫ರಲ್ಲಿ ಏಂಗೆಲ್ಸನು ಇಂಗ್ಲೆಂಡಿನ ಕಾರ್ಮಿಕ ವರ್ಗದ ಸ್ಥಿತಿಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿಯೂ, ೧೮೬೭ರಲ್ಲಿ ಹೊರಬಂದ ಮಾರ್ಕ್ಸನ 'ಬಂಡವಾಳ'ದ ಪ್ರಥಮ ಸಂಪುಟದಲ್ಲಿಯೂ ನಿರುದ್ಯೋಗಿಗಳನ್ನು ಕೈಗಾರಿಕೆಯ 'ಮೀಸಲು ಸೇನೆ' ಎಂದು ವರ್ಣಿಸಲಾಗಿದೆ. ಬೇಡಿಕೆ ಹೆಚ್ಚಿದಾಗ ಬಂಡವಾಳವು ಈ ಸೇನೆಯಿಂದ ಆಳುಗಳನ್ನು ಎತ್ತಿಕೊಳ್ಳುತ್ತದೆ. ಕುಗ್ಗಿದಾಗ ಅಲ್ಲಿಗೇ ಮರಳಿ ತಳ್ಳುತ್ತದೆ. ಎರಡು ಕಾಲದಲ್ಲಿಯೂ ಕೆಲಸದಲ್ಲಿರುವವರ ಕೂಲಿಯನ್ನು ಈ ಸೇನೆಯ ಇರವೇ ಹತ್ತಿಕ್ಕುತ್ತದೆ. ಇದು ಅವರ ವಾದ.

ಈ ವಾದದ ಆರ್ಥಿಕ ಭಾಗವನ್ನು ನಾವು ಇಲ್ಲಿ ಚರ್ಚಿಸಹೊರಟಿಲ್ಲ. ಅದರಿಂದ ಸಾಮಾನ್ಯವಾಗಿ ತೆಗೆಯಲಾಗುವ ರಾಜಕೀಯ ನಿರ್ಣಯವನ್ನು ಮಾತ್ರ ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದು ನಮ್ಮ ಉದ್ದೇಶ. ಇದಕ್ಕೆ ಕೈಗಾರಿಕಾ ಕ್ರಾಂತಿಯ ತವರಾದ ಬ್ರಿಟನ್ನಿಗಿಂತ ತಕ್ಕ ಉದಾಹರಣೆ ದೊರೆಯಲಾರದು. ಅಲ್ಲಿಯ ಎರಡು ಚುನಾವಣೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ೧೯೩೧ರ ಅಕ್ಟೋಬರಿನಲ್ಲಿ ಆ ದೇಶದಲ್ಲಿ ಸುಮಾರು ೨೭ ಲಕ್ಷ ನಿರುದ್ಯೋಗಿಗಳಿದ್ದರು. ಸಮಾಜವಾದವನ್ನು ತನ್ನ ಗುರಿಯೆಂದು ಸಾರಿದ್ದ ಲೇಬರ್ ಪಕ್ಷವು ಆ ತಿಂಗಳ ಚುನಾವಣೆಯಲ್ಲಿ ೨೮೭ ಸ್ಥಾನಗಳಿಂದ ೫೨ಕ್ಕೆ ಇಳಿಯಿತು. ೧೯೪೫ರ ಜುಲೈಯಲ್ಲಿ ನಿರುದ್ಯೋಗಿಗಳ ಸಂಖ್ಯೆ ಎರಡು ಲಕ್ಷವನ್ನೂ ಮುಟ್ಟಿರಲಿಲ್ಲ. ಅದೇ ಪಕ್ಷವು ಆಗ ೩೯೩ ಸ್ಥಾನಗಳನ್ನು ಗಳಿಸಿ, ಮೊಟ್ಟಮೊದಲ ಬಾರಿಗೆ ಸ್ಪಷ್ಟ ಬಹುಮತದಿಂದ ಅಧಿಕಾರಕ್ಕೆ ಬಂದಿತು. ನಿರುದ್ಯೋಗವು ಶಿಖರವನ್ನು ಮುಟ್ಟುತ್ತಿದ್ದಾಗ ಸಮಾಜವಾದಿಗಳಿಗೆ ಸೋಲು. ನಿರುದ್ಯೋಗವು ಇಲ್ಲವೆಂಬಷ್ಟು ಇಳಿದಾಗ ಗೆಲುವು. ಇದು ಹೇಗೆ?

೨. ದಾರಿದ್ರ್ಯದಿಂದ ನಿರುದ್ಯೋಗಕ್ಕೆ

ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಬ್ರಿಟಿಷ್ ಶಾಸನಕ್ಕೆ 'ನಿರುದ್ಯೋಗಿ' ಎಂಬ ವ್ಯಕ್ತಿಯ ಪರಿಚಯವೇ ಇರಲಿಲ್ಲ. ಅದು ಬಲ್ಲದ್ದು 'ದರಿದ್ರ'ನನ್ನು ಮಾತ್ರ. ೧೮೩೪ರ ಬಡವರ ಶಾಸನದ ಮೂಲಸೂತ್ರ ಇದು: ಸಾರ್ವಜನಿಕ ಸಹಾಯವನ್ನು ಪಡೆಯುವವನ ಸ್ಥಿತಿಯು, ಅತ್ಯಲ್ಪ ಕೂಲಿಗೆ ದುಡಿಯುವ ಸ್ವತಂತ್ರ ಕಾರ್ಮಿಕನ ಸ್ಥಿತಿಗಿಂತಲೂ ಕೀಳಾಗಿರಬೇಕು. ಮೈಗಟ್ಟಿಯಾದವನಿಗೆ ಸಹಾಯ ಬೇಕಾದರೆ ಅವನು 'ವರ್ಕ್‌ಹೌಸ್' ಎಂಬ ದುಡಿಮೆಯ ಮನೆಯನ್ನು ಸೇರಬೇಕು. ಅಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆಯಾಗಿ ಇರಿಸಲಾಗುತ್ತಿತ್ತು. ಬಡವರ ಶಾಸನದ ಸಹಾಯವನ್ನು ಪಡೆದವನು ಮತದಾನದ ಹಕ್ಕನ್ನೂ ಕಳೆದುಕೊಳ್ಳುತ್ತಿದ್ದನು. ಈ ನಿಷೇಧವು ೧೯೧೮ರವರೆಗೂ ಉಳಿದುಬಂದಿತು. ಕೆಲಸವಿಲ್ಲದಿರುವುದು ಶೀಲದ ದೋಷ, ಸೋಮಾರಿತನದ ಫಲ ಎಂಬ ನಂಬಿಕೆಯೇ ಈ ವ್ಯವಸ್ಥೆಯ ತಳಹದಿ.

ಈ ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಲ್ಯಾಂಕಷೈರಿನಲ್ಲಿ. ೧೮೬೧ರಲ್ಲಿ ಅಮೆರಿಕದ ಅಂತರ್ಯುದ್ಧವು ಆರಂಭವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಿತು. ಅದರ ಹಿಂದಿನ ವರ್ಷಗಳಲ್ಲಿ ಬಟ್ಟೆಯ ಅತಿಯುತ್ಪಾದನೆಯೂ ಆಗಿದ್ದಿತು. ಹತ್ತಿಯಿಲ್ಲದೆ ಗಿರಣಿಗಳು ನಿಂತವು. ೧೮೬೨ರ ಕೊನೆಯ ಹೊತ್ತಿಗೆ ಸುಮಾರು ಐದು ಲಕ್ಷ ಜನ ಪರಿಹಾರದ ಅನ್ನವನ್ನು ಉಣ್ಣುತ್ತಿದ್ದರು. ಇದೇ ಯುದ್ಧದಿಂದ ನಮ್ಮ ಧಾರವಾಡ ಸೀಮೆಯ ಹತ್ತಿಯ ಬೆಲೆಯು ಹಿಂದೆಂದೂ ಕಾಣದಷ್ಟು ಏರಿ, ೧೮೬೫ರಲ್ಲಿ ಯುದ್ಧ ಮುಗಿದ ಬಳಿಕ ಕುಸಿದುಬಿದ್ದುದನ್ನು ವಾಚಕರು ಬಲ್ಲರು. ಲ್ಯಾಂಕಷೈರಿನ ನೇಕಾರನು ಕೆಲಸ ಕಳೆದುಕೊಂಡದ್ದಕ್ಕೂ ಅವನ ಶೀಲಕ್ಕೂ ಯಾವ ಸಂಬಂಧವೂ ಇಲ್ಲವೆಂಬುದು ಎಲ್ಲರಿಗೂ ಕಾಣುವಂತಿತ್ತು. ಆದಕಾರಣ ೧೮೬೩ರಲ್ಲಿ ಪಾರ್ಲಿಮೆಂಟು ಒಂದು ವಿಶೇಷ ಶಾಸನವನ್ನು ಮಾಡಿ, ಚರಂಡಿ, ರಸ್ತೆ, ಉದ್ಯಾನಗಳ ನಿರ್ಮಾಣಕ್ಕಾಗಿ ಆ ಪ್ರಾಂತದ ಸ್ಥಳೀಯ ಸಂಸ್ಥೆಗಳಿಗೆ ಸಾಲ ಕೊಡಲು ಒಪ್ಪಿತು. ಆದರೆ ಇದನ್ನು ಅಪವಾದವೆಂದು ಪರಿಗಣಿಸಲಾಯಿತೇ ಹೊರತು ಸೂತ್ರವು ಬದಲಾಗಲಿಲ್ಲ.

ಸೂತ್ರವು ಅಲುಗಾಡಿದ್ದು ೧೮೮೦ರ ದಶಕದಲ್ಲಿ. ೧೮೮೬ರ ಫೆಬ್ರವರಿಯಲ್ಲಿ ನಿರುದ್ಯೋಗಿಗಳ ಗುಂಪು ಲಂಡನ್ನಿನ ಶ್ರೀಮಂತ ಬೀದಿಗಳಲ್ಲಿ ಗಾಜುಗಳನ್ನು ಒಡೆಯಿತು. ಮರುವರ್ಷ ನವೆಂಬರ್ ೧೩ರಂದು ಟ್ರಫಾಲ್ಗರ್ ಚೌಕದಲ್ಲಿ ಪೋಲೀಸರಿಗೂ ಜನರಿಗೂ ಘರ್ಷಣೆಯಾಗಿ, ಆ ದಿನಕ್ಕೆ 'ರಕ್ತಸಿಕ್ತ ಭಾನುವಾರ' ಎಂಬ ಹೆಸರು ನಿಂತಿತು. ಸಮಾಜವಾದಿಗಳಾದ ಹೈಂಡ್‌ಮನ್, ಜಾನ್ ಬರ್ನ್ಸ್ ಮೊದಲಾದವರು ಈ ಚಳವಳಿಗಳ ಮುಂದಾಳುಗಳು. ೧೮೮೬ರಲ್ಲಿಯೇ ಸಚಿವ ಜೋಸೆಫ್ ಚೇಂಬರ್ಲಿನ್ನನು, ಬಡವರ ಶಾಸನದ ಕಳಂಕವು ತಟ್ಟದಂತೆ ಸಾರ್ವಜನಿಕ ಕಾಮಗಾರಿಗಳನ್ನು ಕೈಗೊಳ್ಳಿರೆಂದು ಸ್ಥಳೀಯ ಸಂಸ್ಥೆಗಳಿಗೆ ಸುತ್ತೋಲೆಯನ್ನು ಕಳುಹಿಸಿದನು.

ಚಾರ್ಲ್ಸ್ ಬೂತನ ಲಂಡನ್ ಸಮೀಕ್ಷೆಯ ಮೊದಲ ಸಂಪುಟವು ೧೮೮೯ರಲ್ಲಿ ಪ್ರಕಟವಾಯಿತು. ನಗರದ ಜನರಲ್ಲಿ ಶೇಕಡಾ ೩೦ರಷ್ಟು ಮಂದಿ ಬಡತನದಲ್ಲಿದ್ದಾರೆಂದೂ, ಅದಕ್ಕೆ ಕುಡಿತಕ್ಕಿಂತ ಕೆಲಸದ ಅನಿಶ್ಚಯವೂ ಅಲ್ಪ ಕೂಲಿಯೂ ಹೆಚ್ಚಿನ ಕಾರಣಗಳೆಂದೂ ಬೂತನ ಸಮೀಕ್ಷೆಯು ತೋರಿಸಿಕೊಟ್ಟಿತು. ಆದರೆ ಅದೇ ಬೂತನು ಬಡವರನ್ನು ಅಕ್ಷರಗಳಿಂದ ಗುರುತಿಸಿ ಶ್ರೇಣಿಗಳಾಗಿ ವಿಂಗಡಿಸಿದನು. ಅನಿಯತ ಕೂಲಿಯಿಂದ ಬದುಕುವ 'ಬಿ' ಶ್ರೇಣಿಯವರನ್ನು ನಗರದಿಂದ ತೆಗೆದು ಬೇರೆ ವಸಾಹತುಗಳಲ್ಲಿರಿಸಿದರೆ ಮೇಲಿನ ಶ್ರೇಣಿಯ ಕಾರ್ಮಿಕರು ಸುಧಾರಿಸುವರೆಂದು ಸೂಚಿಸಿದನು. ನಮ್ಮ ವಾದಕ್ಕೆ ಈ ಅಂಶವು ಅತಿ ಮುಖ್ಯ. ನಿರುದ್ಯೋಗವನ್ನು ಸಾಮಾಜಿಕ ಸಂಗತಿಯೆಂದು ಒಪ್ಪಿಕೊಂಡ ಕ್ಷಣದಲ್ಲಿಯೇ, ನಿರುದ್ಯೋಗಿಗಳೊಳಗೆ ಯೋಗ್ಯರಾರು, ಅಯೋಗ್ಯರಾರು ಎಂಬ ಗೆರೆಯನ್ನೂ ಎಳೆಯಲಾಯಿತು.

೩. ವಿಮೆಯೂ ಪರೀಕ್ಷೆಯೂ

೧೮೮೯ರ ಲಂಡನ್ ಬಂದರು ಕಾರ್ಮಿಕರ ಮುಷ್ಕರವು ಗಂಟೆಗೆ ಆರು ಪೆನ್ಸಿನ ಕೂಲಿಯನ್ನು ಗಳಿಸಿಕೊಟ್ಟಿತು. ಪ್ರತಿದಿನ ಬೆಳಿಗ್ಗೆ ಬಂದರಿನ ಬಾಗಿಲಲ್ಲಿ ನಿಂತು ಮೇಸ್ತ್ರಿಯ ಕೃಪಾದೃಷ್ಟಿಗಾಗಿ ನೂಕಾಡುತ್ತಿದ್ದ ಜನರೂ ಸಂಘಟಿತರಾಗಬಲ್ಲರು ಎಂಬುದನ್ನು ಅದು ಸಿದ್ಧಪಡಿಸಿತು. ೧೮೯೨ರಲ್ಲಿ ಪಾರ್ಲಿಮೆಂಟನ್ನು ಸೇರಿದ ಕೀರ್ ಹಾರ್ಡಿಯು 'ನಿರುದ್ಯೋಗಿಗಳ ಪ್ರತಿನಿಧಿ' ಎಂದು ಹೆಸರಾದನು. ಮರುವರ್ಷ ಬ್ರ್ಯಾಡ್‌ಫರ್ಡಿನಲ್ಲಿ ಸ್ವತಂತ್ರ ಲೇಬರ್ ಪಕ್ಷವು ಸ್ಥಾಪಿತವಾಯಿತು. ೧೯೦೬ರಲ್ಲಿ ಲೇಬರ್ ಪಕ್ಷವು ೨೯ ಸ್ಥಾನಗಳನ್ನು ಪಡೆಯಿತು. ಕೆಲಸ ಕೊಡುವುದು ರಾಜ್ಯದ ಕರ್ತವ್ಯವೆಂದು ಸಾರುವ 'ಕೆಲಸದ ಹಕ್ಕಿನ' ಮಸೂದೆಯನ್ನು ಆ ಪಕ್ಷವು ಮುಂದಿಟ್ಟಿತಾದರೂ ಅದು ಅಂಗೀಕಾರವಾಗಲಿಲ್ಲ.

ಅಂಗೀಕಾರವಾದದ್ದು ಬೇರೊಂದು ಮಾರ್ಗ. ೧೯೦೯ರಲ್ಲಿ ಬೆವರಿಜ್ ತಮ್ಮ ಗ್ರಂಥದಲ್ಲಿ ನಿರುದ್ಯೋಗವನ್ನು ಕೈಗಾರಿಕೆಯ ಸಮಸ್ಯೆಯೆಂದು ವಿವೇಚಿಸಿದರು. ೧೯೧೦ರ ಫೆಬ್ರವರಿಯಲ್ಲಿ ಸರ್ಕಾರದ ಉದ್ಯೋಗ ವಿನಿಮಯ ಕಛೇರಿಗಳು ತೆರೆದವು. ೧೯೧೧ರ ರಾಷ್ಟ್ರೀಯ ವಿಮಾ ಶಾಸನದ ಎರಡನೆಯ ಭಾಗವು ಕಟ್ಟಡ, ಹಡಗು ನಿರ್ಮಾಣ, ಯಂತ್ರೋದ್ಯಮ ಮೊದಲಾದ ಕೆಲವು ಕಸುಬುಗಳ ಸುಮಾರು ಇಪ್ಪತ್ತೆರಡೂವರೆ ಲಕ್ಷ ಕಾರ್ಮಿಕರಿಗೆ ನಿರುದ್ಯೋಗ ವಿಮೆಯನ್ನು ಕಡ್ಡಾಯಗೊಳಿಸಿತು. ಕಾರ್ಮಿಕನೂ ಮಾಲೀಕನೂ ವಾರಕ್ಕೆ ಎರಡೂವರೆ ಪೆನ್ಸಿನಂತೆ ಕಟ್ಟಬೇಕು. ಕೆಲಸ ಹೋದಾಗ ವಾರಕ್ಕೆ ೭ ಷಿಲಿಂಗಿನಂತೆ, ವರ್ಷದಲ್ಲಿ ೧೫ ವಾರಗಳನ್ನು ಮೀರದಂತೆ ಹಣ ದೊರೆಯುತ್ತದೆ. ದಾನವು ಹಕ್ಕಾಗಿ ಮಾರ್ಪಟ್ಟಿತೆಂಬುದು ನಿಜ. ಆದರೆ ಅದು ಕಂತು ಕಟ್ಟಿದವನ ಹಕ್ಕು ಮಾತ್ರ. ಕಂತು ತೀರಿದವನೂ ಕಂತನ್ನೇ ಕಟ್ಟಲಾಗದವನೂ ಹಳೆಯ ಬಡವರ ಶಾಸನದ ಬಾಗಿಲಿಗೇ ಹೋಗಬೇಕಾಗಿತ್ತು.

೧೯೨೦ರಲ್ಲಿ ವಿಮೆಯನ್ನು ಬಹುತೇಕ ಎಲ್ಲ ಕಸುಬುಗಳಿಗೂ ವಿಸ್ತರಿಸಲಾಯಿತು. ಕೃಷಿ ಕಾರ್ಮಿಕರೂ ಮನೆಗೆಲಸದವರೂ ಹೊರಗುಳಿದರು. ಮರುವರ್ಷವೇ ನಿರುದ್ಯೋಗಿಗಳ ಸಂಖ್ಯೆ ೨೦ ಲಕ್ಷವನ್ನು ದಾಟಿತು. ಅಲ್ಪಾವಧಿಯ ಕಷ್ಟಕ್ಕೆಂದು ಕಟ್ಟಿದ ನಿಧಿಯು ದೀರ್ಘಾವಧಿಯ ಕಷ್ಟವನ್ನು ಹೊರಲಾರದಾಯಿತು. ಆಗ ಸರ್ಕಾರವು ಕಂತಿನ ನಿಯಮವನ್ನು ಸಡಿಲಿಸಿ, ಅದರ ಸ್ಥಾನದಲ್ಲಿ ಪರೀಕ್ಷೆಯೊಂದನ್ನು ತಂದಿತು: ಅರ್ಜಿದಾರನು ತಾನು 'ಪ್ರಾಮಾಣಿಕವಾಗಿ ಕೆಲಸ ಹುಡುಕುತ್ತಿರುವೆ'ನೆಂದು ಸಿದ್ಧಪಡಿಸಬೇಕು. ಎಲ್ಲಿಯೂ ಕೆಲಸವಿಲ್ಲವೆಂದು ಎಲ್ಲರಿಗೂ ಗೊತ್ತಿರುವ ಗಣಿ ಊರಿನಲ್ಲಿಯೂ ಅವನು ಬಾಗಿಲಿಂದ ಬಾಗಿಲಿಗೆ ಅಲೆದುದಕ್ಕೆ ಸಾಕ್ಷ್ಯ ಕೊಡಬೇಕಾಗಿತ್ತು. ೧೯೨೧ರಿಂದ ೧೯೩೦ರವರೆಗೆ ಈ ಪರೀಕ್ಷೆಯ ಆಧಾರದ ಮೇಲೆ ಸುಮಾರು ೩೦ ಲಕ್ಷ ಅರ್ಜಿಗಳು ತಿರಸ್ಕೃತವಾದವು. ೧೮೩೪ರ ಶೀಲಪರೀಕ್ಷೆಯು ಹೊಸ ವೇಷದಲ್ಲಿ ಮರಳಿ ಬಂದಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

೧೯೨೯ರಲ್ಲಿ ಅಧಿಕಾರಕ್ಕೆ ಬಂದ ಮ್ಯಾಕ್‌ಡೊನಾಲ್ಡನ ಲೇಬರ್ ಸರ್ಕಾರವು ಈ ಪರೀಕ್ಷೆಯನ್ನು ೧೯೩೦ರಲ್ಲಿ ರದ್ದುಗೊಳಿಸಿತು. ಅದು ಆ ಸರ್ಕಾರದ ಕೀರ್ತಿಗೆ ಸಲ್ಲತಕ್ಕದ್ದು. ಆದರೆ ಮರುವರ್ಷ ಅದೇ ಸರ್ಕಾರವು 'ಅಸಂಗತತೆಗಳ ಶಾಸನ'ವೆಂದು ಹೆಸರಾದ ಕಾನೂನನ್ನು ತಂದಿತು. ಅದರ ನಿಯಮಗಳಿಂದಾಗಿ, ಕಂತು ಕಟ್ಟಿದ್ದ ಲಕ್ಷಕ್ಕೂ ಮೀರಿದ ವಿವಾಹಿತ ಸ್ತ್ರೀಯರ ಕೋರಿಕೆಗಳು ತಳ್ಳಿಹಾಕಲ್ಪಟ್ಟವು. ಆಗ ಕಾರ್ಮಿಕ ಸಚಿವೆಯಾಗಿದ್ದವರು ಬ್ರಿಟನ್ನಿನ ಸಚಿವ ಸಂಪುಟವನ್ನು ಸೇರಿದ ಪ್ರಥಮ ಮಹಿಳೆ ಮಾರ್ಗರೆಟ್ ಬಾಂಡ್‌ಫೀಲ್ಡ್ ಎಂಬುದು ಗಮನಾರ್ಹ. ೧೯೩೧ರ ಆಗಸ್ಟಿನಲ್ಲಿ ನಿರುದ್ಯೋಗ ಭತ್ಯೆಯನ್ನು ಶೇಕಡಾ ೧೦ರಷ್ಟು ಕಡಿತಗೊಳಿಸುವ ಪ್ರಶ್ನೆಯ ಮೇಲೆ ಸಂಪುಟವು ಒಡೆಯಿತು. ಮ್ಯಾಕ್‌ಡೊನಾಲ್ಡನು ಕನ್ಸರ್ವೇಟಿವ್ ಮತ್ತು ಲಿಬರಲ್ ಪಕ್ಷಗಳೊಡನೆ ಕೂಡಿ 'ರಾಷ್ಟ್ರೀಯ ಸರ್ಕಾರ'ವನ್ನು ರಚಿಸಿದನು. ವಯಸ್ಕ ಪುರುಷನ ಭತ್ಯೆಯು ವಾರಕ್ಕೆ ೧೭ ಷಿಲಿಂಗಿನಿಂದ ೧೫ ಷಿಲಿಂಗು ೩ ಪೆನ್ಸಿಗೆ ಇಳಿಯಿತು. ಆ ಸರ್ಕಾರವೇ ಅಕ್ಟೋಬರಿನ ಚುನಾವಣೆಯನ್ನು ಭಾರಿ ಬಹುಮತದಿಂದ ಗೆದ್ದಿತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸ್ಥಾನಗಳು ೨೮೭ರಿಂದ ೫೨ಕ್ಕೆ ಇಳಿದರೂ ಲೇಬರ್ ಪಕ್ಷದ ಮತಗಳು ಸುಮಾರು ೮೪ ಲಕ್ಷದಿಂದ ೬೬ ಲಕ್ಷಕ್ಕೆ ಮಾತ್ರ ಇಳಿದವು. ವಿರೋಧಿಗಳ ಒಗ್ಗಟ್ಟು, ನಾಯಕನ ಪಕ್ಷತ್ಯಾಗ, ನಾಣ್ಯದ ಬಿಕ್ಕಟ್ಟು, ಇವೆಲ್ಲವೂ ಸೋಲಿಗೆ ಕಾರಣಗಳೇ. ಆದರೂ ೨೭ ಲಕ್ಷ ಜನ ಕೆಲಸವಿಲ್ಲದೆ ಕುಳಿತಿದ್ದಾಗ ಸಮಾಜವಾದಿ ಪಕ್ಷದ ಮತಗಳು ಏರುವುದರ ಬದಲು ಇಳಿದವೆಂಬುದು ಉಳಿಯುತ್ತದೆ.

೪. ಒಂದೇ ವರ್ಗ, ಹಲವು ಪಟ್ಟಿಗಳು

೧೯೩೩ರ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆಯು ೩೦ ಲಕ್ಷದ ಸಮೀಪಕ್ಕೆ ಬಂದಿತು. ಆದರೆ ಈ ಕಷ್ಟವು ದೇಶದ ಮೇಲೆ ಸಮನಾಗಿ ಬೀಳಲಿಲ್ಲ. ೧೯೩೪ರಲ್ಲಿ ಈಶಾನ್ಯದ ಜಾರೋ ಪಟ್ಟಣದಲ್ಲಿ ವಿಮೆಯುಳ್ಳ ಕಾರ್ಮಿಕರ ಮೂರನೆಯ ಎರಡು ಭಾಗವೂ, ವೇಲ್ಸಿನ ಮರ್ಥರ್ ಟಿಡ್‌ಫಿಲ್‌ನಲ್ಲಿ ಶೇಕಡಾ ೬೦ಕ್ಕೂ ಹೆಚ್ಚು ಮಂದಿಯೂ ಕೆಲಸವಿಲ್ಲದೆ ಇದ್ದರೆ, ಮೋಟಾರು ಕೈಗಾರಿಕೆಯ ಕವೆಂಟ್ರಿಯಲ್ಲಿ ಆ ಪ್ರಮಾಣವು ಶೇಕಡಾ ೫ರ ಆಸುಪಾಸು. ಕಲ್ಲಿದ್ದಲು, ಹತ್ತಿ, ಹಡಗು, ಉಕ್ಕು ಎಂಬ ಹಳೆಯ ಕೈಗಾರಿಕೆಗಳ ಇಂಗ್ಲೆಂಡು ಒಂದು. ಮೋಟಾರು, ವಿದ್ಯುತ್ ಉಪಕರಣ, ಹೊಸ ಮನೆಗಳ ಇಂಗ್ಲೆಂಡು ಇನ್ನೊಂದು. ಬೆಲೆಗಳು ಇಳಿದಿದ್ದರಿಂದ ಕೆಲಸದಲ್ಲಿದ್ದವರ ನಿಜವಾದ ಕೂಲಿಯು ಈ ವರ್ಷಗಳಲ್ಲಿ ಹೆಚ್ಚಿತು. ಮೀಸಲು ಸೇನೆಯು ಬೆಳೆದಂತೆ ಎಲ್ಲರ ಕೂಲಿಯೂ ಕುಸಿಯುವುದೆಂಬ ನಿರೀಕ್ಷೆಯು ಇಲ್ಲಿ ಸುಳ್ಳಾಯಿತು. ಕಾರ್ಮಿಕ ವರ್ಗದ ಒಂದು ಭಾಗಕ್ಕೆ ೧೯೩೦ರ ದಶಕವು ಬಡತನದ ದಶಕವಾಗಿರಲೇ ಇಲ್ಲ.

ಮಾರುಕಟ್ಟೆಯು ಒಡೆದುದನ್ನು ಆಡಳಿತವು ಮತ್ತಷ್ಟು ಒಡೆಯಿತು. ೧೯೩೧ರ ನವೆಂಬರಿನಿಂದ, ೨೬ ವಾರಗಳ ವಿಮಾ ಭತ್ಯೆಯನ್ನು ತೀರಿಸಿದವನು ಕುಟುಂಬದ ವರಮಾನ ಪರೀಕ್ಷೆಗೆ ಒಳಗಾಗಬೇಕಾಯಿತು. 'ಮೀನ್ಸ್ ಟೆಸ್ಟ್' ಎಂದರೆ ಅಂದಿನ ಕಾರ್ಮಿಕನ ಮನೆಯಲ್ಲಿ ಶಾಪದ ಮಾತು. ಅಧಿಕಾರಿಯು ಮನೆಗೆ ಬಂದು ಮಗನ ಕೂಲಿ, ಮಗಳ ಸಂಬಳ, ಮುದಿ ತಾಯಿಯ ಪಿಂಚಣಿ, ಉಳಿತಾಯದ ಪುಸ್ತಕ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದನು. ಮಗನು ದುಡಿದಷ್ಟೂ ತಂದೆಯ ಭತ್ಯೆ ಇಳಿಯುತ್ತಿತ್ತು. ತಂದೆಗೆ ಹೊರೆಯಾಗಬಾರದೆಂದು ಮಗನು ಬೇರೆ ಕೋಣೆ ಹಿಡಿದು ಹೋಗುವುದು ಸಾಮಾನ್ಯವಾಯಿತು. ಮಿತವ್ಯಯದಿಂದ ನಾಲ್ಕು ಕಾಸು ಕೂಡಿಟ್ಟವನು ಅದನ್ನು ಕರಗಿಸಿದ ಬಳಿಕವೇ ಸಹಾಯಕ್ಕೆ ಅರ್ಹನಾಗುತ್ತಿದ್ದನು. ತತ್ಫಲವಾಗಿ ಒಂದೇ ಬೀದಿಯಲ್ಲಿ ಕೆಲಸವುಳ್ಳವನು, ವಿಮಾ ಭತ್ಯೆಯವನು, ಪರೀಕ್ಷೆಗೊಳಗಾದವನು, ಬಡವರ ಸಹಾಯದವನು ಎಂದು ನಾಲ್ಕು ಬಗೆಯ ಜನರು ಏರ್ಪಟ್ಟರು. ಒಬ್ಬೊಬ್ಬನ ಸ್ಥಿತಿಯನ್ನೂ ಒಂದೊಂದು ಪಟ್ಟಿ ನಿರ್ಣಯಿಸುತ್ತಿತ್ತು. ಒಬ್ಬೊಬ್ಬನ ಅಸಮಾಧಾನವೂ ಪಕ್ಕದ ಪಟ್ಟಿಯವನ ಕಡೆಗೆ ತಿರುಗುವ ಸಂಭವವಿತ್ತು.

ಪ್ರತಿಭಟನೆ ಇರಲಿಲ್ಲವೆಂದಲ್ಲ. ೧೯೨೧ರಲ್ಲಿ ಹುಟ್ಟಿ, ವಾಲ್ ಹ್ಯಾನಿಂಗ್ಟನ್ನನ ಮುಂದಾಳ್ತನದಲ್ಲಿದ್ದ ರಾಷ್ಟ್ರೀಯ ನಿರುದ್ಯೋಗಿ ಕಾರ್ಮಿಕರ ಚಳವಳಿಯು ಲಂಡನ್ನಿಗೆ ಹಲವು 'ಹಸಿವಿನ ಯಾತ್ರೆ'ಗಳನ್ನು ನಡೆಸಿತು. ಅದರ ನಾಯಕರು ಕಮ್ಯೂನಿಸ್ಟರೆಂಬ ಕಾರಣದಿಂದ ಲೇಬರ್ ಪಕ್ಷದ ಮುಖಂಡರೂ ಕಾರ್ಮಿಕ ಸಂಘಗಳ ಮಹಾಸಭೆಯೂ ದೂರ ನಿಂತವು. ೧೯೩೬ರ ಅಕ್ಟೋಬರಿನಲ್ಲಿ ಜಾರೋವಿನ ೨೦೦ ಮಂದಿ ಲಂಡನ್ನಿಗೆ ನಡೆದು ಬಂದರು. ಅವರ ಊರಿನ ಪಾಮರ್ ಹಡಗುಕಟ್ಟೆಯನ್ನು ಹಡಗು ಕೈಗಾರಿಕೆಯ ಮಾಲೀಕರೇ ಕೂಡಿ ಕಟ್ಟಿದ ಸಂಸ್ಥೆಯು ಕೊಂಡು ಮುಚ್ಚಿಸಿ, ಅಲ್ಲಿ ನಲವತ್ತು ವರ್ಷ ಹಡಗು ಕಟ್ಟಕೂಡದೆಂಬ ಷರತ್ತನ್ನು ಹಾಕಿತ್ತು. ಎಲೆನ್ ವಿಲ್ಕಿನ್ಸನ್ ಅವರ ಪ್ರತಿನಿಧಿ. ಯಾತ್ರಿಕರು ಉದ್ದೇಶಪೂರ್ವಕವಾಗಿ ಪಕ್ಷಾತೀತರಾಗಿದ್ದರು. ಅರ್ಜಿಯನ್ನು ಒಪ್ಪಿಸಿ, ಪ್ರಧಾನಿಯನ್ನು ಕಾಣದೆಯೇ ಮರಳಿದರು. ಮನೆ ಸೇರಿದಾಗ, ಯಾತ್ರೆಯ ದಿನಗಳಲ್ಲಿ ಕೆಲಸಕ್ಕೆ 'ಲಭ್ಯ'ರಿರಲಿಲ್ಲವೆಂದು ಅವರ ಭತ್ಯೆಯನ್ನು ಕಡಿತಗೊಳಿಸಲಾಗಿತ್ತು.

ಈ ದಶಕದಲ್ಲಿ ಸರ್ಕಾರವನ್ನು ಹಿಮ್ಮೆಟ್ಟಿಸಿದ ಪ್ರತಿಭಟನೆಯೂ ಒಂದುಂಟು. ೧೯೩೫ರ ಜನವರಿಯಲ್ಲಿ ನಿರುದ್ಯೋಗ ಸಹಾಯ ಮಂಡಲಿಯು ದೇಶಕ್ಕೆಲ್ಲ ಒಂದೇ ದರಪಟ್ಟಿಯನ್ನು ಜಾರಿಗೆ ತಂದಿತು. ಹಲವೆಡೆ ಅದು ಹಿಂದಿನ ಸ್ಥಳೀಯ ದರಕ್ಕಿಂತ ಕಡಿಮೆ. ದಕ್ಷಿಣ ವೇಲ್ಸಿನಲ್ಲಿ ಲಕ್ಷಾಂತರ ಜನ, ಕೆಲಸವಿದ್ದವರೂ ಇಲ್ಲದವರೂ ಒಟ್ಟಾಗಿ, ಬೀದಿಗಿಳಿದರು. ಫೆಬ್ರವರಿಯಲ್ಲಿ ಸರ್ಕಾರವು ಕಡಿತಗಳನ್ನು ನಿಲ್ಲಿಸಿತು. ಒಂದೇ ಪಟ್ಟಿಯು ಎಲ್ಲರ ಮೇಲೂ ಒಮ್ಮೆಗೇ ಬಿದ್ದಾಗ ಎಲ್ಲರೂ ಒಂದಾದರು ಎಂಬುದು ನಮ್ಮ ವಾದವನ್ನು ಬಲಪಡಿಸುವ ಸಂಗತಿ.

೧೯೩೧ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಗಾಂಧೀಜಿ ಲ್ಯಾಂಕಷೈರಿಗೆ ಭೇಟಿಯಿತ್ತು, ಭಾರತದ ವಿದೇಶೀ ವಸ್ತ್ರ ಬಹಿಷ್ಕಾರದಿಂದಲೂ ನಷ್ಟಕ್ಕೊಳಗಾದ ಗಿರಣಿ ಕಾರ್ಮಿಕರನ್ನು ಕಂಡರು. ಅವರು ಅನುಕಂಪವನ್ನು ತೋರಿದರೂ, ವರ್ಷದಲ್ಲಿ ಹಲವು ತಿಂಗಳು ಕೆಲಸವಿಲ್ಲದೆ, ಯಾವ ಭತ್ಯೆಯೂ ಇಲ್ಲದೆ ಇರುವ ಭಾರತದ ಹಳ್ಳಿಗರ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ವಿವರಿಸಿದರು. ವರ್ಗವನ್ನು ಒಡೆಯುವ ಗೆರೆಗಳಲ್ಲಿ ಸಾಮ್ರಾಜ್ಯದ ಗೆರೆಯೂ ಒಂದೆಂಬುದನ್ನು ಈ ಭೇಟಿಯು ನೆನಪಿಸುತ್ತದೆ.

೫. ಯುದ್ಧವು ಅಳಿಸಿದ ಗೆರೆಗಳು

೧೯೩೯ರ ಯುದ್ಧವು ಎರಡು ಕೆಲಸಗಳನ್ನು ಮಾಡಿತು. ಮೊದಲನೆಯದಾಗಿ, ಇಪ್ಪತ್ತು ವರ್ಷ ಅಸಾಧ್ಯವೆಂದು ಹೇಳಲಾಗಿದ್ದುದನ್ನು ಅದು ನಾಲ್ಕು ವರ್ಷಗಳಲ್ಲಿ ಸಾಧಿಸಿತು. ೧೯೪೩ರ ವೇಳೆಗೆ ನಿರುದ್ಯೋಗಿಗಳ ಸಂಖ್ಯೆಯು ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ೧೯೩೬ರಲ್ಲಿ ಕೇನ್ಸ್ ಪುಸ್ತಕದಲ್ಲಿ ವಾದಿಸಿದ್ದನ್ನು, ಎಂದರೆ ರಾಜ್ಯದ ವೆಚ್ಚವು ಉದ್ಯೋಗವನ್ನು ನಿರ್ಮಿಸಬಲ್ಲದೆಂಬುದನ್ನು, ಓದುಬರಹ ಬಾರದವನೂ ಕಣ್ಣಾರೆ ಕಂಡನು. 'ಕೆಲಸಕ್ಕೆ ಬಾರದವ'ರೆಂದು ಹತ್ತು ವರ್ಷ ಮೂಲೆಗೊತ್ತಲ್ಪಟ್ಟಿದ್ದವರು ಹಡಗು ಕಟ್ಟಿದರು, ಗಣಿಗಿಳಿದರು. ಶೀಲದೋಷದ ಸಿದ್ಧಾಂತಕ್ಕೆ ಇದಕ್ಕಿಂತ ಪರಿಪೂರ್ಣವಾದ ಖಂಡನೆಯು ಸಾಧ್ಯವಿರಲಿಲ್ಲ.

ಎರಡನೆಯದಾಗಿ, ಯುದ್ಧವು ಪಟ್ಟಿಗಳನ್ನು ಅಳಿಸಿತು. ಪಡಿತರ ಚೀಟಿಯು ಎಲ್ಲರಿಗೂ ಒಂದೇ. ಕಾರ್ಮಿಕ ಸಂಘದ ಮುಖಂಡನಾಗಿದ್ದ ಅರ್ನೆಸ್ಟ್ ಬೆವಿನ್ನನು ೧೯೪೦ರಲ್ಲಿ ಕಾರ್ಮಿಕ ಸಚಿವನಾದನು. ೧೯೪೧ರಲ್ಲಿ ಕುಟುಂಬದ ವರಮಾನ ಪರೀಕ್ಷೆಯನ್ನು ರದ್ದುಗೊಳಿಸಲಾಯಿತು. ೧೯೪೨ರ ಡಿಸೆಂಬರಿನಲ್ಲಿ ಪ್ರಕಟವಾದ ಬೆವರಿಜ್ ವರದಿಯು ಅಭಾವ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ದೈತ್ಯರನ್ನು ಹೆಸರಿಸಿ, ಸರ್ವರಿಗೂ ಒಂದೇ ವಿಮೆಯನ್ನು ಸೂಚಿಸಿತು. ೧೯೪೪ರ ಸರ್ಕಾರಿ ಹೇಳಿಕೆಯು ಉನ್ನತವೂ ಸ್ಥಿರವೂ ಆದ ಉದ್ಯೋಗಮಟ್ಟವನ್ನು ಕಾಪಾಡುವುದು ಸರ್ಕಾರದ ಹೊಣೆಯೆಂದು ಒಪ್ಪಿಕೊಂಡಿತು. ೧೯೪೫ರಲ್ಲಿ ಸುಮಾರು ೧೨೦ ಲಕ್ಷ ಜನ ಲೇಬರ್ ಪಕ್ಷಕ್ಕೆ ಮತ ನೀಡಿದರು. ೧೯೪೭ರ ಜನವರಿಯಲ್ಲಿ ಗಣಿಗಳು ರಾಷ್ಟ್ರದ ಸ್ವತ್ತಾದವು. ೧೯೪೮ರ ರಾಷ್ಟ್ರೀಯ ಸಹಾಯ ಶಾಸನವು ಹಳೆಯ ಬಡವರ ಶಾಸನವನ್ನು ವಿಧಿವತ್ತಾಗಿ ಕೊನೆಗಾಣಿಸಿತು.

೧೯೪೫ರ ಮತದಾರನು ಹಸಿವಿನಿಂದ ಮತ ಹಾಕಲಿಲ್ಲ. ಹಸಿವಿನ ಸ್ಮೃತಿಯಿಂದಲೂ, ಅದು ಅನಿವಾರ್ಯವಲ್ಲವೆಂಬ ಅನುಭವದಿಂದಲೂ ಮತ ಹಾಕಿದನು. ೧೯೩೧ರಲ್ಲಿ ಅವನಲ್ಲಿ ಮೊದಲನೆಯದು ಮಾತ್ರ ಇತ್ತು, ಎರಡನೆಯದು ಇರಲಿಲ್ಲ.

೬. ನಿರ್ಣಯ

ಈ ವಿವೇಚನೆಯಿಂದ ನಾವು ತಲಪುವ ನಿರ್ಣಯ ಇದು. ನಿರುದ್ಯೋಗವು ವರ್ಗಭೇದವನ್ನು ಹೆಚ್ಚಿಸುತ್ತದೆಂಬುದು ನಿರ್ವಿವಾದ. ಆದರೆ ಅದು ಹೆಚ್ಚಿಸುವ ಭೇದವು ಮಾಲೀಕ ಮತ್ತು ಕಾರ್ಮಿಕರ ನಡುವಣದ್ದು ಮಾತ್ರವಲ್ಲ. ಕಾರ್ಮಿಕ ವರ್ಗದ ಒಡಲೊಳಗೇ ಅದು ಪ್ರಾಂತದ, ಕಸುಬಿನ, ಲಿಂಗದ, ವಿಮೆಯ ಗೆರೆಗಳನ್ನು ಕೊರೆಯುತ್ತದೆ. ಸಮಾಜವಾದವು ಬ್ರಿಟನ್ನಿನಲ್ಲಿ ಜಯಗಳಿಸಿದ್ದು ಈ ಗೆರೆಗಳು ಆಳವಾದಾಗಲ್ಲ, ತಾತ್ಕಾಲಿಕವಾಗಿಯಾದರೂ ಅಳಿಸಿಹೋದಾಗ. ಬ್ರಿಟಿಷ್ ಸಮಾಜವಾದವು ಕ್ರಾಂತಿಯ ರೂಪಕ್ಕಿಂತ ಆಡಳಿತದ ರೂಪವನ್ನು ತಳೆದುದಕ್ಕೂ ಇದೇ ಒಂದು ಕಾರಣ: ಅದರ ಶತ್ರುವು ಕಾರ್ಖಾನೆಯ ಮಾಲೀಕನಷ್ಟೇ ಅಲ್ಲದೆ, ಪಟ್ಟಿಯನ್ನು ಹಿಡಿದು ಮನೆಬಾಗಿಲಿಗೆ ಬಂದ ಅಧಿಕಾರಿಯೂ ಆಗಿದ್ದನು.

ಮುಂದಿನ ಇತಿಹಾಸವೂ ಇದನ್ನೇ ಸೂಚಿಸುತ್ತದೆ. ೧೯೮೩ರಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆಯು ಮತ್ತೆ ೩೦ ಲಕ್ಷದಷ್ಟಿತ್ತು. ಆ ವರ್ಷದ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷವು ೩೯೭ ಸ್ಥಾನಗಳನ್ನು ಗೆದ್ದರೆ ಲೇಬರ್ ಪಕ್ಷಕ್ಕೆ ದೊರೆತದ್ದು ೨೦೯. ಫಾಕ್‌ಲೆಂಡ್ ಯುದ್ಧ, ಲೇಬರ್ ಪಕ್ಷದ ಒಡಕು ಮೊದಲಾದ ಬೇರೆ ಕಾರಣಗಳಿದ್ದರೂ ಹೋಲಿಕೆಯನ್ನು ಕಡೆಗಣಿಸಲಾಗದು. ೧೯೮೯ರಲ್ಲಿ, ಕ್ರಿಯಾಶೀಲವಾಗಿ ಕೆಲಸ ಹುಡುಕುತ್ತಿರುವುದನ್ನು ಸಿದ್ಧಪಡಿಸಬೇಕೆಂಬ ನಿಯಮವು ಆ ದೇಶದ ಶಾಸನಕ್ಕೆ ಮರಳಿ ಬಂದಿತು.

ನಮ್ಮ ವಿದ್ಯಾರ್ಥಿಗಳಿಗೆ ಇದು ದೂರದ ಕಥೆಯಾಗಿ ತೋರಬೇಕಿಲ್ಲ. ಭಾರತದ ಉದ್ಯೋಗ ವಿನಿಮಯ ಕಛೇರಿಗಳು ೧೯೪೫ರಲ್ಲಿ, ಯುದ್ಧದಿಂದ ಮರಳುವ ಸೈನಿಕರಿಗಾಗಿ, ಬ್ರಿಟಿಷ್ ಮಾದರಿಯ ಮೇಲೆಯೇ ಏರ್ಪಟ್ಟವು. ೧೯೪೮ರ ನೌಕರರ ರಾಜ್ಯ ವಿಮಾ ಶಾಸನವೂ ಸಂಘಟಿತ ಕೈಗಾರಿಕೆಯ ಕಾರ್ಮಿಕನನ್ನೇ ಮುಂದಿಟ್ಟುಕೊಂಡು ರಚಿತವಾಯಿತು. ನಮ್ಮ ದೇಶದ ದುಡಿಯುವ ಜನರಲ್ಲಿ ಬಹುಸಂಖ್ಯಾತರು ಇಂದಿಗೂ ಆ ಗೆರೆಯ ಹೊರಗಿದ್ದಾರೆ. ಆದಕಾರಣ ನಿರುದ್ಯೋಗದ ಇತಿಹಾಸವನ್ನು ಅಭ್ಯಾಸ ಮಾಡುವವರು ಎಷ್ಟು ಜನರಿಗೆ ಕೆಲಸವಿರಲಿಲ್ಲವೆಂದು ಎಣಿಸಿದರೆ ಸಾಲದು. ಅವರನ್ನು ಯಾವ ಯಾವ ಪಟ್ಟಿಗಳಲ್ಲಿ ಬರೆದುಕೊಳ್ಳಲಾಯಿತು, ಯಾರನ್ನು ಯಾವ ಪಟ್ಟಿಯಲ್ಲಿಯೂ ಬರೆದುಕೊಳ್ಳಲಿಲ್ಲ ಎಂಬುದನ್ನೂ ಕೇಳಬೇಕು.